ಬೂದು ಕೋಟಿನ ಎದೆಮಡಿಕೆ

ಸೋಮವಾರ ಬೆಳಿಗ್ಗೆ ಠಾಣೆಯ ಕಸ ಗುಡಿಸುವ ಮೊದಲೇ ವಕೀಲರು ಬಂದು ಕುರ್ಚಿ ಎಳೆದುಕೊಂಡು ಕೂತಿದ್ದರು. ಅವರ ಹಿಂದೆ ಲಾಂಡ್ರಿ ಮಾಲೀಕ ಕೈ ಹಿಸುಕಿಕೊಳ್ಳುತ್ತಾ ನಿಂತಿದ್ದ. ಪಿರ್ಯಾದು ಇಷ್ಟೇ: ಇಸ್ತ್ರಿಗೆ ಕೊಟ್ಟಿದ್ದ ವಕೀಲರ ಬೂದುಬಣ್ಣದ ಉಣ್ಣೆ ಕೋಟು ಭಾನುವಾರ ಮಧ್ಯಾಹ್ನ ಲಾಂಡ್ರಿಯಿಂದ ಕಳುವಾಗಿದೆ.

"ಒಂದು ಕೋಟಿಗೆ ಎಫ್‌ಐಆರಾ ಸರ್?" ಎಂದ ದಫೇದಾರ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಯಾಕೆ ಅನ್ನುವ ಪ್ರಶ್ನೆ ಅವನ ಮುಖದ ಮೇಲೇ ಇತ್ತು.

"ಅಳತೆ ಕೊಟ್ಟು ಹೊಲಿಸಿದ್ದು ಕಣಯ್ಯ. ಬರ್ಕೋ."

ಇನ್ಸ್‌ಪೆಕ್ಟರ್ ಮೇಡಂ ತಾವೇ ಬರೆದುಕೊಂಡರು. ಕಳ್ಳತನದಲ್ಲಿ ಚಿಕ್ಕದು ದೊಡ್ಡದು ಎಂಬ ಭೇದ ಅವರಿಗಿರಲಿಲ್ಲ. ವಕೀಲರು ಹೇಳಿದರೆಂದು ತಾನು ಬರೆಯುತ್ತಿಲ್ಲ ಎಂಬುದನ್ನು ಮಾತ್ರ ಒಂದೇ ನೋಟದಲ್ಲಿ ತಿಳಿಸಿದರು.

ಲಾಂಡ್ರಿಯ ಹಿಂಗೋಣೆಯಲ್ಲಿ ಹಬೆ ತುಂಬಿತ್ತು. ಕಬ್ಬಿಣದ ಸರಳಿಗೆ ಕೋಟುಗಳು ಸಾಲಾಗಿ ನೇತಾಡುತ್ತಿದ್ದವು. ಮಾಲೀಕ ಬಂದವನೇ ಇಸ್ತ್ರಿಯವನ ಕಡೆ ಬೆರಳು ತೋರಿಸಿದ.

"ಇವನೇ ಮೇಡಂ. ಕೋಟಿನ ಎದೆ ಸುಟ್ಟ ಹಾಗೆ ಮಿಂಚಿಸಿಬಿಟ್ಟಿದ್ದ. ಬೈಗುಳಕ್ಕೆ ಹೆದರಿ ಎಲ್ಲೋ ಎಸೆದಿದ್ದಾನೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಇಸ್ತ್ರಿಯವನು ಬೆವೆತ.

"ಹೇಗೆ ಇಸ್ತ್ರಿ ಮಾಡಿದೆ?"

"ನೇರವಾಗಿ ಮೇಡಂ. ಉಣ್ಣೆಗೆ ಮೇಲೆ ಒದ್ದೆ ಬಟ್ಟೆ ಹಾಸ್ಬೇಕು. ಹಾಸಿದ್ರೆ ತಡ ಅಂತ ಇವರು ಕೂಗಾಡ್ತಾರೆ."

"ಕದ್ದೆಯಾ?"

"ಇಲ್ಲ."

ದಫೇದಾರ ಆಗಲೇ ಅವನನ್ನು ಜೀಪಿನಲ್ಲಿ ಕೂರಿಸಿ ಬಂದ. ಅವನ ಮಟ್ಟಿಗೆ ತನಿಖೆ ಮುಗಿದಿತ್ತು, ಕಾಫಿ ಒಂದೇ ಬಾಕಿ. ಮೇಡಂ ಮಾತ್ರ ಸರಳಿನ ಮುಂದೆ ನಿಂತೇ ಇದ್ದರು. ವಕೀಲರ ಕೋಟಿದ್ದ ಜಾಗದಲ್ಲಿ ತಂತಿ ಹ್ಯಾಂಗರು ಚೀಟಿ ಸಮೇತ ಹಾಗೇ ತೂಗುತ್ತಿತ್ತು. ಅವಸರದ ಕಳ್ಳ ಹ್ಯಾಂಗರಿನ ಸಮೇತ ಎಳೆದುಕೊಂಡು ಓಡುತ್ತಾನೆ. ಇವನು ನಿಧಾನವಾಗಿ ಗುಂಡಿ ಬಿಚ್ಚಿ, ಎರಡೂ ಕೈಯಿಂದ ಕೋಟನ್ನು ಇಳಿಸಿಕೊಂಡಿದ್ದಾನೆ. ಇಂಥದೇ ತಂತಿ ಹ್ಯಾಂಗರಿಗೆ ನೇತುಹಾಕಿ ಮೇಡಂ ಅವರ ಸ್ವಂತ ಸಮವಸ್ತ್ರದ ಭುಜಗಳಲ್ಲಿ ಎರಡು ಉಬ್ಬು ಎದ್ದು ವರ್ಷಗಳೇ ಆಗಿದ್ದವು. ಅವು ಈಗ ಕೆಲಸಕ್ಕೆ ಬಂದವು.

"ಈ ಕೋಟಿನ ಹೆಗಲು ಕೆಡಬಾರದು ಅಂತ ಯಾರಿಗೋ ಅನ್ನಿಸಿದೆ," ಎಂದರು.

"ಕಳ್ಳನಿಗಾ ಮೇಡಂ?"

"ಕಳ್ಳನಿಗೇ. ಜೀಪಲ್ಲಿರೋನನ್ನ ಇಳಿಸು. ಎತ್ತಿಗೆ ಜ್ವರ ಅಂತ ಎಮ್ಮೆಗೆ ಬರೆ ಹಾಕೋದು ಬೇಡ. ಕೋಟು ಹೊಲಿದವರು ಯಾರು, ವಕೀಲರನ್ನ ಕೇಳು."

ಹೊಲಿದವರು ಎರಡು ಬೀದಿ ಆಚೆ ಇದ್ದರು, ವಯಸ್ಸಾದ ಗಂಡ ಹೆಂಡತಿ. ಗಂಡ ಬಟ್ಟೆ ಕತ್ತರಿಸಿ ಕೋಟಿನ ಎದೆಭಾಗ ಹೊಲಿಯುತ್ತಿದ್ದ, ಹೆಂಡತಿ ತೋಳು, ಒಳಗಿನ ಅಸ್ತರು ಕೂಡಿಸುತ್ತಿದ್ದಳು. ಗಂಡನಿಗೆ ಈಗ ಕಣ್ಣು ಕಾಣುವುದಿಲ್ಲ.

ಅಂಗಡಿಯ ಬಾಗಿಲು ತೆರೆದೇ ಇತ್ತು. ಬೂದು ಕೋಟು ಮೇಜಿನ ಮೇಲೆ, ಗುಂಡಗಿನ ದಿಂಬಿನ ಮೇಲೆ ಮಗುವಿನಂತೆ ಮಲಗಿತ್ತು. ಅದರ ಮೇಲೊಂದು ಒದ್ದೆ ಹತ್ತಿಬಟ್ಟೆ. ಮುದುಕಿ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಗೆ ಒತ್ತದೆ, ತಾಗಿಸಿ ಎತ್ತುತ್ತಾ ಹಬೆಯನ್ನಷ್ಟೇ ಒಳಗೆ ಇಳಿಸುತ್ತಿದ್ದಳು.

"ಅಲ್ಲೇ ನಿಲ್ಲಿ. ಬಿಸಿ ಆರಿಲ್ಲ. ಈಗ ಎತ್ತಿದ್ರೆ ಮಡಿಕೆ ಮತ್ತೆ ಮಲಗುತ್ತೆ."

"ವಕೀಲರ ಕೋಟಾ?"

"ಹೌದು."

"ಇಲ್ಲಿಗೆ ಹೇಗೆ ಬಂತು?"

"ಕದ್ದು ತಂದೆ. ಲಾಂಡ್ರಿ ಹಿಂಬಾಗಿಲು ತೆಗೆದಿತ್ತು. ಇಲ್ದಿದ್ರೆ ಮುಂಬಾಗಿಲಿಂದ್ಲೇ ಹೋಗ್ತಿದ್ದೆ."

ಇಷ್ಟು ಸಲೀಸಾದ ತಪ್ಪೊಪ್ಪಿಗೆಯನ್ನು ದಫೇದಾರ ಕಂಡಿರಲಿಲ್ಲ. ಅವನಿಗೆ ನಿರಾಸೆಯೇ ಆಯಿತು. ಮೇಡಂ ಸ್ಟೂಲಿನ ಮೇಲೆ ಕೂತು ಸಾಕ್ಷಿಗೆಂದು ಪಕ್ಕದ ಅಂಗಡಿಗಳಿಂದ ಇಬ್ಬರು ಪಂಚರನ್ನು ಕರೆಸಿದರು. ಕೋಟು ಆರುವವರೆಗೆ ಕಾನೂನು ಕಾಯಿತು.

"ಯಾಕೆ ಕದ್ದಿರಿ ಅಮ್ಮ?"

ಮುದುಕಿ ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದಳು. "ನಮ್ಮ ಯಜಮಾನರು ಕಣ್ಣು ಹೋಗೋ ಮುಂಚೆ ಹೊಲಿದ ಕೊನೇ ಕೋಟು ಇದು. ಎದೆ ಮೇಲೆ ಮಡಿಕೆ ಇದೆಯಲ್ಲ, ಅದು ಹೂವಿನ ಎಸಳ ಹಾಗೆ ತಾನೇ ತಿರುಗಿ ನಿಲ್ಲಬೇಕು. ಒಳಗೆ ಕ್ಯಾನ್ವಾಸಿಗೆ ಸಾವಿರ ಹೊಲಿಗೆ ಹಾಕಿರ್ತಾರೆ. ಹೋದ ತಿಂಗಳು ಗುಂಡಿ ಹಾಕಿಸೋಕೆ ವಕೀಲರು ಬಂದಾಗ ಇವರು ಮುಟ್ಟಿ ನೋಡಿದ್ರು. ಲಾಂಡ್ರಿಯವರು ರಟ್ಟಿನ ಹಾಗೆ ಚಪ್ಪಟೆ ಮಾಡಿಟ್ಟಿದ್ರು. ಇವರಿಗೆ ಅದು ಇಸ್ತ್ರಿ ತಪ್ಪು ಅಂತ ಗೊತ್ತಾಗ್ಲಿಲ್ಲ. 'ಕಣ್ಣಿಗಿಂತ ಮುಂಚೆ ನನ್ನ ಕೈ ಹೋಗಿತ್ತಲ್ಲೇ' ಅಂದ್ರು. ಅವತ್ತಿಂದ ಬಟ್ಟೆ ಮುಟ್ಟಿಲ್ಲ. ನಾನು ಇಸ್ತ್ರಿ ತಪ್ಪು ಅಂದ್ರೆ, ಸಮಾಧಾನಕ್ಕೆ ಹೇಳ್ತೀಯ ಅಂತಾರೆ."

"ವಕೀಲರನ್ನ ಕೇಳಬಹುದಿತ್ತು."

"ಕೇಳ್ದೆ. ಒಂದು ದಿನ ಕೊಡಿ, ಸರಿ ಮಾಡ್ತೀನಿ ಅಂದೆ. ಕೋಟು ಅಂದ್ರೆ ಕೋಟು, ಹೋಗಮ್ಮ ಅಂದ್ರು."

ಅಷ್ಟರಲ್ಲಿ ವಕೀಲರೇ ಬಂದರು. ಕೋಟನ್ನೂ ಮುದುಕಿಯನ್ನೂ ನೋಡಿ ಅವರ ಸಿಟ್ಟು ಅರ್ಧಕ್ಕೆ ಇಳಿಯಿತು. "ಆಯ್ತು, ವಯಸ್ಸಾದವರು. ತಪ್ಪಾಯ್ತು ಅಂತ ಒಂದು ಮಾತು ಹೇಳಲಿ. ಕೇಸು ಬೇಡ."

"ಹೇಳಿಬಿಡಮ್ಮ," ಎಂದ ದಫೇದಾರ, ತನ್ನ ತಾಯಿಗೆ ಹೇಳುವ ಹಾಗೆ.

"ಒಳಗಿರೋರಿಗೆ ಕೇಳಿಸುತ್ತೆ. ನಾನು ತಪ್ಪಾಯ್ತು ಅಂದ್ರೆ ಅವರು ಹೊಲಿಗೇದೇ ತಪ್ಪು ಅಂದ್ಕೊಳ್ತಾರೆ." ಮುದುಕಿ ಈಗ ದನಿ ಎತ್ತಿಯೇ ಹೇಳಿದಳು. "ಕದ್ದಿದ್ದು ನಿಜ, ಬರ್ಕೊಳ್ಳಿ. ತಪ್ಪಾಯ್ತು ಅನ್ನಲ್ಲ. ತಪ್ಪು ನಮ್ಮ ಹೊಲಿಗೇದಲ್ಲ."

ವಕೀಲರಿಗೆ ಅದು ನುಂಗಲಾರದ ತುತ್ತಾಯಿತು. "ಹಾಗಾದ್ರೆ ಕೇಸೇ ಆಗಲಿ," ಎಂದರು.

ಕೋಟು ಆರಿತ್ತು. ಮುದುಕಿ ಒದ್ದೆ ಬಟ್ಟೆ ತೆಗೆದು, ಬ್ರಷ್ಷನ್ನು ಉಣ್ಣೆಯ ಎಳೆಗಳ ದಿಕ್ಕಿಗೆ ಆಡಿಸಿ, ಅಗಲ ಹೆಗಲಿನ ಮರದ ಹ್ಯಾಂಗರಿಗೆ ಹಾಕಿದಳು. ಎದೆಮಡಿಕೆ ಯಾರೂ ಹಿಡಿಯದೆ ತಾನೇ ತಿರುಗಿ ನಿಂತಿತು. ದಫೇದಾರ ಜಪ್ತಿಗೆ ಗೋಣಿಚೀಲ ಬಿಚ್ಚಿದ. ಮೇಡಂ ಅವನ ಕೈ ತಡೆದರು.

"ಒಳಗಿರೋ ಯಜಮಾನರನ್ನ ಕರಿ."

"ಮೇಡಂ, ಇದು ಕೇಸಿನ ಸಾಕ್ಷಿ, ಮುದ್ದೆಮಾಲು. ಹೊರಗಿನೋರು ಮುಟ್ಟೋ ಹಾಗಿಲ್ಲ."

"ಗುರುತು ಹಿಡಿಯಬೇಕಲ್ಲ? ಬರಿ. ಸದರಿ ಕೋಟನ್ನು ಹೊಲಿದವರಿಂದ ಪಂಚರ ಸಮಕ್ಷಮ ಗುರುತಿಸಲಾಯಿತು."

ಮುದುಕ ಗೋಡೆ ಸವರಿಕೊಂಡು ಬಂದ. ಬೆರಳುಗಳು ಕೋಟಿನ ಎಡತೋಳು ಸವರಿ, ಹೆಗಲಿನಿಂದ ಇಳಿದು ಮಡಿಕೆಯ ಬಳಿ ನಿಂತವು. ಅದನ್ನು ಅದುಮಿ ಬಿಟ್ಟ. ಅದು ಮತ್ತೆ ಎದ್ದಿತು. ಇನ್ನೊಮ್ಮೆ ಅದುಮಿದ.

"ಇದು ನನ್ನದು," ಎಂದ. "ಕೈ ಚೆನ್ನಾಗೇ ಇತ್ತು ಕಣೇ."

ವಕೀಲರು ಬಾಗಿಲ ಕಡೆ ತಿರುಗಿಕೊಂಡರು. ಪಂಚನಾಮೆಯಲ್ಲಿ ದಫೇದಾರ 'ದುರಾಸೆಯಿಂದ' ಎಂದು ಬರೆದಿದ್ದನ್ನು ಮೇಡಂ ಹೊಡೆದುಹಾಕಿಸಿ, 'ಗಂಡನ ಕೈಕೆಲಸಕ್ಕೆ ಬಂದ ಅಪವಾದ ಕಳೆಯಲು' ಎಂದು ಬರೆಸಿದರು. ಮುದುಕಿ ದಸ್ತಗಿರಿಗೆ ಒಪ್ಪಿ ಸಹಿ ಹಾಕಿದಳು. ಗೋಣಿಚೀಲಕ್ಕೆ ಮಾತ್ರ ಒಪ್ಪಲಿಲ್ಲ. ಹ್ಯಾಂಗರನ್ನು ತಾನೇ ಎತ್ತಿ ಹಿಡಿದು, ಕದ್ದ ಮಾಲಿನ ಸಮೇತ ಜೀಪು ಹತ್ತಿದಳು.

"ಎಲ್ಲಿಗೆ ಹೊರಟೆಯೇ?" ಎಂದ ಮುದುಕ ಹೊಸ್ತಿಲಲ್ಲಿ ನಿಂತು.

"ಠಾಣೆಗೆ ರೀ. ಕದ್ದೆ ಅಂತ ಒಪ್ಕೊಂಡೆನಲ್ಲ."

ಮುದುಕ ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿಕೊಂಡ.

"ಎಡತೋಳಲ್ಲಿ ಇನ್ನೂ ಇಸ್ತ್ರಿ ಗೆರೆ ಉಳಿದಿದೆಯಲ್ಲೇ."

"ಗೊತ್ತು ರೀ," ಎಂದಳು ಮುದುಕಿ, ವಕೀಲರನ್ನೇ ನೋಡುತ್ತಾ. "ಜಾಮೀನು ಸಿಗಲಿ, ಬಂದು ಅದನ್ನೂ ತೆಗೀತೀನಿ."