ಜೋಡಿಪಟ್ಟಿ ಸಂಖ್ಯೆ ಆರು

ಸೋಮವಾರ, ಇಪ್ಪತ್ನಾಲ್ಕನೇ ತಾರೀಕು, ಬೆಳಿಗ್ಗೆ 10-40. ಠಾಣೆಗೆ ಬಂದ ಹೆಂಗಸು ಬೆಂಚಿನ ಮೇಲೆ ಕೂರದೆ ನೇರವಾಗಿ ಮೇಜಿನ ಮುಂದೆ ನಿಂತು, "ನನ್ನ ತಲೆಯೊಳಗೆ ಕಳ್ಳತನ ಆಗಿದೆ, ಕಂಪ್ಲೇಂಟ್ ತಗೊಳ್ಳಿ" ಎಂದಳು.

ಹೆಡ್ ಕಾನ್‌ಸ್ಟೇಬಲ್ ತೆಗೆದಿದ್ದ ಪೆನ್ನಿನ ಮುಚ್ಚಳವನ್ನು ಮತ್ತೆ ಹಾಕಿದ. ಪಕ್ಕದ ಠಾಣೆಗೆ ಹೊಸ ಜೀಪು ಬಂದಾಗಿನಿಂದ ಹೊಟ್ಟೆ ಉರಿದುಕೊಂಡೇ ಇದ್ದ ಆತನಿಗೆ ಅವತ್ತು ಯಾರ ಮೇಲೂ ದಯೆ ಇರಲಿಲ್ಲ.

"ಏನು ಹೋಗಿದೆಯಮ್ಮಾ?"

"ಒಂದು ಮಾತು."

ಒಳಗಿನ ಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್‌ನ ಕಿವಿ ನೆಟ್ಟಗಾಯಿತು. ಆತ ಅವಳನ್ನು ಒಳಗೆ ಕರೆದು ಕೂರಿಸಿದ.

ಅವಳು ಕಂಟೇನರ್ ಯಾರ್ಡಿನಲ್ಲಿ ಹನ್ನೊಂದು ವರ್ಷದಿಂದ ಕ್ರೇನ್ ಆಪರೇಟರ್. ಅವಳ ಕಿವಿಯ ಹಿಂದೆ, ಚರ್ಮದೊಳಗೆ, ಅಕ್ಕಿಕಾಳಿನಷ್ಟು ಒಂದು ಚಿಪ್ ಇತ್ತು. ಯಾರ್ಡಿನವರು ಅದನ್ನು 'ಕಾಳು' ಎನ್ನುತ್ತಿದ್ದರು. ಕೆಳಗೆ ನೆಲದ ಮೇಲೆ ನಿಂತ ಸನ್ನೆಗಾರ ಹಣೆಗೆ 'ಜೋಡಿಪಟ್ಟಿ' ಕಟ್ಟಿಕೊಂಡರೆ ಅವನ ಕಣ್ಣಿಗೆ ಕಂಡದ್ದು, ಕ್ರೇನಿನ ಸೀಟಿನಲ್ಲಿ ಕೂತಿರುವಷ್ಟು ಹೊತ್ತು ಮಾತ್ರ, ಅವಳಿಗೆ ಕಾಣುತ್ತಿತ್ತು, ಅವಳ ಕೈ ತಡವರಿಸಿದರೆ ಅವನಿಗೆ ತಿಳಿಯುತ್ತಿತ್ತು. ಒಂದು ಕಾಳಿಗೆ ಒಂದೇ ಪಟ್ಟಿ. ಅವಳ ಪಟ್ಟಿ ಸಂಖ್ಯೆ ಆರು. ಪಾಳಿ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ, ಆಮೇಲೆ ಪಟ್ಟಿ ಬಿಚ್ಚಿಡಬೇಕು.

"ಹತ್ತೊಂಬತ್ತನೇ ತಾರೀಕು ನಮ್ಮ ಸುರಕ್ಷತಾ ಕಚೇರಿಗೆ ಹೆಸರಿಲ್ಲದ ಪತ್ರ ಬಂತು ಸಾರ್. ನನಗೆ ಎತ್ತರ ಅಂದ್ರೆ ಭಯ ಶುರುವಾಗಿದೆ, ನನ್ನನ್ನ ಕ್ರೇನಿನಿಂದ ಇಳಿಸಿ ಅಂತ. ಮಾರನೇ ದಿನವೇ ಇಳಿಸಿದ್ರು."

"ಭಯ ಇರೋದು ನಿಜವಾ?"

"ನಿಜ. ಮೂರನೇ ತಾರೀಕು ಬೆಳಿಗ್ಗೆ, ಏಣಿಯ ನಲವತ್ತನೇ ಮೆಟ್ಟಿಲ ಹತ್ತಿರ ಮೊದಲ ಸಲ. ಅಲ್ಲೀತನಕ ಒಂದು ದಿನವೂ ಇರಲಿಲ್ಲ. ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ."

"ಕೈಕಾಲು ನಡುಗಿದ್ದನ್ನ ಯಾರಾದರೂ ನೋಡಿರಬಹುದಲ್ಲ?"

ಅವಳು ಪತ್ರದ ಪ್ರತಿಯನ್ನು ಮುಂದಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟಳು. *ನಲವತ್ತನೇ ಮೆಟ್ಟಿಲಲ್ಲಿ ನಿಂತು ಮನಸ್ಸಿನಲ್ಲೇ 'ಹತ್ತು ಗುಬ್ಬಿ, ಹತ್ತು' ಅಂದುಕೊಂಡು ಮೇಲೆ ಹೋಗುತ್ತಾಳೆ.*

"ಗುಬ್ಬಿ ಅಂತ ನನ್ನನ್ನ ಕರೀತಿದ್ದದ್ದು ನಮ್ಮಪ್ಪ ಒಬ್ಬರೇ. ಅವರು ಹೋಗಿ ಹದಿನಾರು ವರ್ಷ ಆಯ್ತು. ಈ ಹೆಸರು ಗೊತ್ತಿರೋರು ಭೂಮಿ ಮೇಲೆ ನಾನೊಬ್ಬಳೇ. ಸಂಜೆ ನಾಲ್ಕಾದ್ರೆ ಕತ್ತಿನ ಹಿಂದೆ ಯಾರೋ ನಿಂತ ಹಾಗಾಗುತ್ತೆ ಸಾರ್. ಇಪ್ಪತ್ತೆಂಟಕ್ಕೆ ಏಣಿ ಪರೀಕ್ಷೆ ಇಟ್ಟಿದ್ದಾರೆ. ನಲವತ್ತನೇ ಮೆಟ್ಟಿಲಲ್ಲಿ ನಿಂತುಬಿಟ್ರೆ ನನ್ನ ಸೀಟು ಹೋಯ್ತು."

ಹೇಳಿಕೆ ಬರೆದುಕೊಳ್ಳುವಾಗ ಅವಳ ಕೈ ಸುಮ್ಮನಿರಲಿಲ್ಲ. ಮೇಜಿನ ಮೇಲಿದ್ದ ಖಾಲಿ ಹಾಳೆಯನ್ನು ಎಳೆದುಕೊಂಡು ಮಡಚಿದಳು, ಮಡಿಕೆಯ ಮೇಲೆ ಹೆಬ್ಬೆರಳಿನ ಉಗುರನ್ನು ಎರಡು ಸಲ ಎಳೆದಳು, ಮೂಲೆಯನ್ನು ಮೇಜಿಗೆ ಕುಟ್ಟಿ ಸರಿಮಾಡಿದಳು.

"ಇದು ನಾಲ್ಕನೇ ಹಾಳೆ" ಎಂದು ಹೆಡ್ ಕಾನ್‌ಸ್ಟೇಬಲ್ ಗೊಣಗಿದ. "ಠಾಣೆ ಸ್ಟೇಷನರಿಗೆ ಲೆಕ್ಕ ಕೊಡೋನು ನಾನು."

ಅವಳು ತನ್ನ ಕೈಯನ್ನು ತಾನೇ ದಿಟ್ಟಿಸಿದಳು. "ಇದೂ ಈ ತಿಂಗಳೇ ಶುರುವಾಗಿದ್ದು. ನನ್ನ ಕೈಗೆ ಲಿವರ್ ಗೊತ್ತು, ಕಾಗದ ಗೊತ್ತಿಲ್ಲ."

ಇನ್‌ಸ್ಪೆಕ್ಟರ್ ಆ ಹಾಳೆಯನ್ನು ಫೈಲಿನೊಳಗೆ ಇಟ್ಟುಕೊಂಡ. ಮನೋಗೋಪ್ಯ ರಕ್ಷಣಾ ಕಾಯ್ದೆ ಜಾರಿಗೆ ಬಂದು ಎರಡು ವರ್ಷವಾಗಿತ್ತು, ಠಾಣೆಗೆ ಬಂದ ಪುಸ್ತಕದ ಪ್ಲಾಸ್ಟಿಕ್ ಹೊದಿಕೆ ಮಾತ್ರ ಇನ್ನೂ ಹರಿದಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಅದನ್ನು ಹಲ್ಲಿನಿಂದ ಕಚ್ಚಿ ಹರಿದು, ಕಲಂ ಹುಡುಕಿದ. 11-55ಕ್ಕೆ ಎಫ್ಐಆರ್ ದಾಖಲಾಯಿತು. ಆ ಕಾಯ್ದೆಯಡಿ ಅದೇ ಠಾಣೆಯ ಮೊದಲ ಕೇಸು.

ಮಧ್ಯಾಹ್ನ 3-00ಕ್ಕೆ ಇನ್‌ಸ್ಪೆಕ್ಟರೂ ಹೆಡ್ ಕಾನ್‌ಸ್ಟೇಬಲ್ಲೂ ಯಾರ್ಡಿಗೆ ಹೋದರು. ಅಲ್ಲಿ ಸಂಶಯ ಪಡಲು ಜನಕ್ಕೇನೂ ಬರವಿರಲಿಲ್ಲ. ಆರನೇ ಕ್ರೇನಿನ ಸೀಟಿನ ಮೇಲೆ ಎಲ್ಲರಿಗೂ ಕಣ್ಣು. ಬೇಸಿಗೆಯಲ್ಲಿ ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆಂದು ಒಬ್ಬ, ಅವಳಿಗೆ ಹೊಸ ಕೈಗವಸು ಮೊದಲು ಸಿಗುತ್ತದೆಂದು ಇನ್ನೊಬ್ಬ, ಹೀಗೆ ಹನ್ನೊಂದು ವರ್ಷದ ಹೊಟ್ಟೆಕಿಚ್ಚನ್ನೆಲ್ಲ ಪೊಲೀಸರ ಮುಂದೆ ಸುರಿದರು. ಆದರೆ ಅವರ್ಯಾರ ಕೈಗೂ ಆರನೇ ಪಟ್ಟಿ ಸಿಗುವಂತಿರಲಿಲ್ಲ.

ಯಾರ್ಡಿನ ತಂತ್ರಜ್ಞ ಸಂಪರ್ಕದ ದಾಖಲೆ ತೆಗೆದುಕೊಟ್ಟ. ಎರಡನೇ ತಾರೀಕಿನಿಂದ ಹಿಡಿದು ನಿನ್ನೆಯವರೆಗೆ, ದಿನಾ ಸಂಜೆ ನಾಲ್ಕರಿಂದ ಐದರೊಳಗೆ ಪಟ್ಟಿ ಸಂಖ್ಯೆ ಆರು ಅವಳ ಕಾಳಿಗೆ ಜೋಡಣೆಯಾಗಿತ್ತು.

"ಪಾಳಿ ಮುಗಿದ ಮೇಲೆ ಜೋಡಣೆಯಾದ್ರೆ ನಿಮಗೆ ಗೊತ್ತಾಗಲ್ವಾ?"

"ಕ್ರೇನ್ ಅಲುಗಾಡಿದ್ರೆ ಗಂಟೆ ಬಡಿಯುತ್ತೆ ಸಾರ್. ತಲೆಗೆ ಗಂಟೆ ಇಟ್ಟಿಲ್ಲ."

"ಪಟ್ಟಿ ಎಲ್ಲಿರುತ್ತೆ?"

ತಂತ್ರಜ್ಞನ ಮುಖ ಸಪ್ಪಗಾಯಿತು. ಇರುವುದು ಎಂಟು ಪಟ್ಟಿ, ಚಾರ್ಜ್ ಮಾಡುವ ಸಾಕೆಟ್ ಐದು. ಹಾಗಾಗಿ ಮೂವರು ಪಟ್ಟಿಯನ್ನು ಮನೆಗೆ ಒಯ್ದು ಚಾರ್ಜ್ ಮಾಡಿಕೊಂಡು ಬರುತ್ತಿದ್ದರು. ನಿಯಮದಲ್ಲಿ ಇಲ್ಲ, ರೂಢಿಯಲ್ಲಿ ಇತ್ತು. ಆರನೇ ಪಟ್ಟಿಯ ಸನ್ನೆಗಾರ ಆ ಮೂವರಲ್ಲಿ ಒಬ್ಬ.

"ಇನ್ನೊಂದು ವಿಷಯ. ಪಟ್ಟಿ ಹಾಕಿದೋರಿಗೆ ಅವಳ ತಲೆಯೊಳಗಿನ ಮಾತು, ನೆನಪು ಕಾಣುತ್ತೆ. ಹಾಕಿದೋರದ್ದು ಏನಾದ್ರೂ ಅವಳಿಗೆ ಹೋಗುತ್ತಾ?"

"ಹೋಗುತ್ತೆ. ಅದು ಎರಡೂ ಕಡೆಯ ದಾರಿ. ಅವಳ ಕಡೆಗೆ ಮಾತು ಹೋಗಲ್ಲ, ಮೈಗೆ ಅಂಟಿದ್ದು ಹೋಗುತ್ತೆ. ಕೈಯ ಅಭ್ಯಾಸ, ಹೊಟ್ಟೆಯಲ್ಲಿನ ಸಂಕಟ, ಅಂಥವು. ಬಿಚ್ಚಿದ ಮೇಲೂ ಎರಡು ದಿನ ಉಳಿಯುತ್ತೆ."

ಸನ್ನೆಗಾರನನ್ನು 5-30ಕ್ಕೆ ಠಾಣೆಗೆ ಕರೆಸಿದರು. ಐವತ್ತರ ಹತ್ತಿರದ, ಮಾತಿಗೆ ಜಿಪುಣನಾದ ಮನುಷ್ಯ. ಇವನೇ ಎಂದು ಹೆಡ್ ಕಾನ್‌ಸ್ಟೇಬಲ್ ಕಣ್ಣಲ್ಲೇ ತೀರ್ಪು ಕೊಟ್ಟಾಗಿತ್ತು.

"ಅವರಿಗೆ ಭಯ ಇದ್ದದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಮೂರನೇ ತಾರೀಕಿನಿಂದ. ಅವರು ಏಣಿ ಹತ್ತೋವಾಗಲೇ ಪಟ್ಟಿ ಹಾಕ್ಕೊಳ್ತೀನಿ."

"ಯಾರಿಗೆ ಹೇಳಿದ್ರಿ?"

"ಯಾರಿಗೂ ಇಲ್ಲ. ಪಟ್ಟಿಯೊಳಗೆ ಕಂಡದ್ದು ಪಟ್ಟಿಯೊಳಗೇ. ನಮ್ಮ ಕೆಲಸ ಹಾಗೆ."

"ಸುಮ್ಮನೆ ನೋಡ್ಕೊಂಡು ನಿಂತ್ರಾ?"

"ನಿಂತೆ. ನಾನು ಗಟ್ಟಿಯಾಗಿ ನಿಂತ್ರೆ ಅವರಿಗೂ ಸ್ವಲ್ಪ ಗಟ್ಟಿ ಅನ್ಸುತ್ತೆ. ದಿನಾ ಹಾಗೇ ನಿಂತೆ, ಮೇಲೆ ಮುಟ್ಟೋ ತನಕ."

"ಸಂಜೆ ನಾಲ್ಕಕ್ಕೆ ಎಲ್ಲಿರ್ತೀರಿ?"

"ನಿದ್ದೆ. ನಾಲ್ಕಕ್ಕೆ ಮಲಗಿದ್ರೆ ಐದಕ್ಕೆ ಏಳೋದು. ಹದಿನೇಳನೇ ತಾರೀಕು ಮಾತ್ರ ಹಲ್ಲು ಕೀಳಿಸೋಕೆ ಹೋಗಿದ್ದೆ."

ದಂತವೈದ್ಯರ ಚೀಟಿಯಲ್ಲಿ ಹೊತ್ತು ಬರೆದಿತ್ತು: 3-50ರಿಂದ 4-45. ಅವತ್ತೂ ಪಟ್ಟಿ ಜೋಡಣೆಯಾಗಿದ್ದು 4-05ಕ್ಕೆ. ಹೆಡ್ ಕಾನ್‌ಸ್ಟೇಬಲ್‌ನ ತೀರ್ಪು ಅಲ್ಲಿಗೆ ಮಣ್ಣುಪಾಲಾಯಿತು.

"ಮನೆಯಲ್ಲಿ ಇನ್ಯಾರಿದ್ದಾರೆ?"

"ಹೆಂಡತಿ. ನಾವಿಬ್ಬರೇ." ಇಷ್ಟು ಹೇಳಿ ಅವನು ನೆಲ ನೋಡಿದ. ಪ್ರಶ್ನೆ ಎಲ್ಲಿಗೆ ಹೋಗುತ್ತಿದೆಯೆಂದು ಅವನಿಗೂ ತಿಳಿದಿರಬೇಕು.

ಇಪ್ಪತ್ತೈದನೇ ತಾರೀಕು, ಬೆಳಿಗ್ಗೆ 11-00. ಸನ್ನೆಗಾರನ ಮನೆ ಎರಡು ಕೋಣೆಯದು. ಮುಂದಿನ ಕೋಣೆಯಲ್ಲಿ ಅವನ ಹೆಂಡತಿ ಪುಸ್ತಕ ಬೈಂಡಿಂಗ್ ಮಾಡುತ್ತಿದ್ದಳು. ಗೋಡೆಗೆ ಒತ್ತಿ ಹಾಳೆಗಳ ಕಟ್ಟು, ಅಂಟಿನ ಡಬ್ಬಿ, ಮರದ ಒತ್ತುಹಲಗೆ, ಮೂಲೆಯಲ್ಲಿ ಕಾಗದದ ಚೂರು ತುಂಬಿದ ಬುಟ್ಟಿ. ಆಪರೇಟರನ್ನು ಇಳಿಸಿದಂದಿನಿಂದ ಕೆಲಸವಿಲ್ಲದೆ ಮನೆಯಲ್ಲೇ ಉಳಿದಿದ್ದ ಪಟ್ಟಿ ಕಿಟಕಿಯ ಪಕ್ಕದ ಪ್ಲಗ್ಗಿನಲ್ಲಿ ಚಾರ್ಜಾಗುತ್ತಿತ್ತು. ಅವಳು ಕೂತ ಜಾಗದಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರ.

"ಕೂತ್ಕೊಳ್ಳಿ ಸಾರ್, ಇದೊಂದು ಮುಗಿಸಿಬಿಡ್ತೀನಿ" ಎಂದು ಅವಳು ಹಾಳೆ ಮಡಚಿದಳು. ಹೆಬ್ಬೆರಳಿನ ಉಗುರು ಮಡಿಕೆಯ ಮೇಲೆ ಎರಡು ಸಲ ಓಡಿತು. ಮೂಲೆಯನ್ನು ಹಲಗೆಗೆ ಕುಟ್ಟಿದಳು.

ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೇಬಲ್‌ನ ಮುಖ ನೋಡಿದ. ಆತ ಆಗಲೇ ಬಾಯಿ ತೆರೆದು ನಿಂತಿದ್ದ.

"ಈ ಕೆಲಸ ದಿನಾ ಎಷ್ಟು ಹೊತ್ತಮ್ಮಾ?"

"ಇಡೀ ದಿನ. ನನ್ನ ಕೈ ಸುಮ್ಮನಿರೋ ಕೈ ಅಲ್ಲ."

ಅವಳ ತಪ್ಪು ಅದೇ ಆಗಿತ್ತು. ಇನ್ನೊಬ್ಬರ ತಲೆಗೆ ನುಗ್ಗುವವರು ಕೈಕಟ್ಟಿ ಕೂರಬೇಕು. ಇವಳು ಹಣೆಗೆ ಪಟ್ಟಿ ಕಟ್ಟಿಕೊಂಡು, ಒಪ್ಪಿಕೊಂಡ ಕೆಲಸ ತಡವಾಗಬಾರದೆಂದು ಹಾಳೆ ಮಡಚುತ್ತಲೇ ಇದ್ದಳು.

ಪಕ್ಕದ ಮನೆಯ ಇಬ್ಬರ ಸಮಕ್ಷಮ ಪಂಚನಾಮೆ ನಡೆಯಿತು. ಪಟ್ಟಿ ಸಂಖ್ಯೆ ಆರು, ಕಾಗದ ಕೊಯ್ಯುವ ಕತ್ತಿ ಒಂದು, ಬುಟ್ಟಿಯಲ್ಲಿನ ಚೂರುಗಳನ್ನು ವಶಪಡಿಸಿಕೊಂಡು, ಅನಾಮಧೇಯ ಪತ್ರದ ಮೂಲದೊಂದಿಗೆ ಪ್ರಯೋಗಾಲಯಕ್ಕೆ ಕಳಿಸಿದರು. ಇಪ್ಪತ್ತೆಂಟರ ಬೆಳಿಗ್ಗೆ ವರದಿ ಬಂತು. ಕತ್ತಿಯ ಅಲಗಿನಲ್ಲಿ ಸಣ್ಣದೊಂದು ಮುಕ್ಕು. ಅದು ಕೊಯ್ದ ಪ್ರತಿ ಹಾಳೆಯ ಅಂಚಿನಲ್ಲೂ ಕೂದಲೆಳೆಯಷ್ಟು ಗುರುತು. ಪತ್ರದ ಅಂಚಿನಲ್ಲೂ ಅದೇ ಗುರುತು.

ಅದೇ ಬೆಳಿಗ್ಗೆ 9-20ಕ್ಕೆ ಆಪರೇಟರ್ ಫೋನ್ ಮಾಡಿದಳು. ಉಸಿರು ಇನ್ನೂ ಏರಿಳಿಯುತ್ತಿತ್ತು.

"ಹತ್ತಿಬಿಟ್ಟೆ ಸಾರ್! ಭಯ ಇಲ್ಲವೇ ಇಲ್ಲ. ನಲವತ್ತನೇ ಮೆಟ್ಟಿಲು ಯಾವಾಗ ದಾಟಿದೆನೋ ಅದೂ ಗೊತ್ತಾಗಲಿಲ್ಲ. ಎಲ್ಲಿಂದ ಬಂದಿತ್ತೋ, ಎಲ್ಲಿಗೆ ಹೋಯ್ತೋ."

"ಸೀಟು ಸಿಕ್ತಾ?"

"ಸಿಕ್ತು. ಆದ್ರೆ ಈ ಕಾಳು ತೆಗೆಸ್ತೀನಿ. ಬಾವುಟ ಹಿಡಿದು ಸನ್ನೆ ಮಾಡಲಿ, ಮೊದಲು ಮಾಡ್ತಿರಲಿಲ್ವಾ? ನಮ್ಮಪ್ಪ ಕರೆದ ಹೆಸರು ನನ್ನೊಳಗೆ ನನಗೊಬ್ಬಳಿಗೇ ಇರಬೇಕು."

ಫೋನ್ ಇಟ್ಟ ಇನ್‌ಸ್ಪೆಕ್ಟರ್ ಕೇಸ್ ಡೈರಿ ತೆರೆದು ತಾರೀಕುಗಳನ್ನು ಒಂದರ ಕೆಳಗೊಂದು ಬರೆದ. ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತ.

ಮಧ್ಯಾಹ್ನ 3-30. ಬೈಂಡಿಂಗ್‌ನವಳ ವಿಚಾರಣೆ, ಮಹಿಳಾ ಕಾನ್‌ಸ್ಟೇಬಲ್ ಸಮ್ಮುಖದಲ್ಲಿ. ಅವಳು ಏನನ್ನೂ ಅಲ್ಲಗಳೆಯಲಿಲ್ಲ.

"ಪಟ್ಟಿ ಯಾಕೆ ಹಾಕ್ಕೊಂಡ್ರಿ?"

"ಇಪ್ಪತ್ತೆರಡು ವರ್ಷ ಆಯ್ತು ಮದುವೆಯಾಗಿ. ಮನೆಗೆ ಬರ್ತಾರೆ, ಊಟ ಮಾಡ್ತಾರೆ, ಮಲಗ್ತಾರೆ. ಇವತ್ತೇನಾಯ್ತು ಅಂದ್ರೆ 'ಕೆಲಸ' ಅಂತಾರೆ. ಇಡೀ ದಿನ ಇನ್ನೊಬ್ಬಳ ತಲೆಯೊಳಗೆ ಇದ್ದು ಬಂದು ನನಗೆ ಒಂದೇ ಒಂದು ಮಾತು, ಕೆಲಸ! ಹೊಟ್ಟೆ ಉರಿಯಲ್ವಾ ಸಾರ್?"

"ಏನು ಹುಡುಕಿದ್ರಿ?"

"ಇವರನ್ನ. ಅವಳ ಮನಸ್ಸಿನ ತುಂಬಾ ಇವರೇ ಇರ್ತಾರೆ ಅಂದ್ಕೊಂಡಿದ್ದೆ. ಎಲ್ಲೂ ಇರಲಿಲ್ಲ. ಅವಳಪ್ಪ ಇದ್ರು, ಸಾಮಾನು ಎತ್ತೋ ಇಳಿಸೋ ಯೋಚನೆ ಇತ್ತು, ಅಷ್ಟೇ."

"ಮತ್ತೆ ನಿಲ್ಲಿಸಬೇಕಿತ್ತಲ್ಲ."

ಅವಳ ಬೆರಳು ಸೀರೆಯ ಅಂಚನ್ನು ಮಡಚಿ ಉಗುರೆಳೆಯುತ್ತಿತ್ತು. "ಒಂದು ದಿನ ಅವಳ ನೆನಪಲ್ಲಿ ಆ ಏಣಿ ಸಿಕ್ತು. ಅವಳು ಹೆದರಿ ಅಂಟಿಕೊಂಡಿದ್ದಾಳೆ. ಕೆಳಗೆ ಇವರು ಸುಮ್ಮನೆ ನಿಂತಿದ್ದಾರೆ. ಹೆದರಬೇಡ, ನಾನಿದ್ದೀನಿ ಅನ್ನೋ ಹಾಗೆ. ಬಾಯಲ್ಲಿ ಹೇಳಿಲ್ಲ, ಆದರೆ ಅವಳಿಗೆ ಅದು ಮುಟ್ಟಿದೆ. ನನಗೋಸ್ಕರ ಹಾಗೆ ಯಾವತ್ತೂ ನಿಂತಿಲ್ಲ ಅವರು. ಅವಳು ಅಲ್ಲಿಂದ ಇಳಿದ್ರೆ ಸಾಕು ಅನ್ನಿಸಿತು. ಬರೆದೆ."

"ಆ ಭಯ ಕ್ರೇನ್ ಆಪರೇಟರಿಗೆ ಯಾವತ್ತು ಶುರುವಾಯ್ತು, ಗೊತ್ತಾ?"

"ಇಲ್ಲ."

"ಮೂರನೇ ತಾರೀಕು ಬೆಳಿಗ್ಗೆ. ಹನ್ನೊಂದು ವರ್ಷ ಇರಲಿಲ್ಲ. ನೀವು ಮೊದಲು ಪಟ್ಟಿ ಹಾಕಿದ್ದು ಎರಡನೇ ತಾರೀಕು ಸಂಜೆ. ನಾವು ಪಟ್ಟಿ ತಂದಿದ್ದು ಇಪ್ಪತ್ತೈದಕ್ಕೆ. ಇವತ್ತು ಅವರಿಗೆ ಭಯ ಇಲ್ಲ." ಇನ್‌ಸ್ಪೆಕ್ಟರ್ ಡೈರಿಯನ್ನು ಅವಳ ಕಡೆ ತಿರುಗಿಸಿಟ್ಟ. "ಎರಡನೇ ತಾರೀಕು ಪಟ್ಟಿ ಕಟ್ಟಿಕೊಂಡಾಗ ನಿಮಗೆ ಹೇಗಾಗ್ತಿತ್ತು?"

"ಹೊಟ್ಟೆಯಲ್ಲಿ ಏನೋ ಜಾರಿದ ಹಾಗೆ. ಇವರು ನನ್ನ ಕೈಬಿಟ್ಟೇಬಿಟ್ರು, ಇನ್ನು ಹಿಡಿದುಕೊಳ್ಳೋಕೆ ಏನೂ ಇಲ್ಲ ಅನ್ನೋ..."

ಸೀರೆಯಂಚಿನ ಮೇಲಿದ್ದ ಉಗುರು ನಿಂತಿತು. ಅವಳು ತಾರೀಕುಗಳನ್ನು ಮತ್ತೊಮ್ಮೆ ಓದಿದಳು.

"ಹಾಗಾದ್ರೆ ಏಣಿ ಮೇಲೆ ಇದ್ದ ಭಯ..."

"ನಿಮ್ಮದು. ನಿಮ್ಮ ಯಜಮಾನರು ದಿನಾ ಬೆಳಿಗ್ಗೆ ಕೆಳಗೆ ನಿಂತು ಸಮಾಧಾನ ಮಾಡ್ತಿದ್ದದ್ದು ಅದನ್ನೇ."

ಸಂಜೆ 4-15ಕ್ಕೆ ದಸ್ತಗಿರಿ ಜ್ಞಾಪನಕ್ಕೆ ಅವಳ ಸಹಿ ಬಿತ್ತು. ಕಾರಣದ ಕಾಲಂನಲ್ಲಿ ಹೆಡ್ ಕಾನ್‌ಸ್ಟೇಬಲ್ 'ಮತ್ಸರ' ಎಂದು ಬರೆದ. ಇನ್ನೂ ಏನೋ ಸೇರಿಸಬೇಕೆಂದು ಪೆನ್ನು ಹಿಡಿದವನು ಇನ್‌ಸ್ಪೆಕ್ಟರ್ ಕಡೆ ನೋಡಿ, ಮುಚ್ಚಳ ಹಾಕಿದ.

"ಇದನ್ನ ಇವರಿಗೆ ಹೇಳ್ತೀರಾ ಸಾರ್?" ಅವಳು ಕೇಳಿದಳು.

"ನಿಮ್ಮೊಳಗಿದ್ದದ್ದನ್ನ ನಾನು ಹೇಳೋ ಹಾಗಿಲ್ಲಮ್ಮಾ. ಹೇಳೋದಿದ್ರೆ ನೀವೇ ಹೇಳಿ."

ಮಹಿಳಾ ಕಾನ್‌ಸ್ಟೇಬಲ್ ಅವಳನ್ನು ಹೊರಗೆ ಕರೆದುಕೊಂಡು ಬಂದಾಗ ಬೆಂಚಿನ ಮೇಲಿದ್ದ ಸನ್ನೆಗಾರ ಎದ್ದು ನಿಂತ. ಅವನ ಹಣೆಯ ಮೇಲೆ ಪಟ್ಟಿ ಇರುತ್ತಿದ್ದ ಜಾಗ ಬೆಳ್ಳಗಿತ್ತು. ಹೆಂಡತಿಯ ಮುಖ ನೋಡಿದವನಿಗೆ ಏನೂ ತಿಳಿಯಲಿಲ್ಲ.

"ಏನಾಯ್ತೇ?" ಎಂದು ಕೇಳಿದ. ಅವನು ಹಾಗೆ ಕೇಳಿದ್ದು ಎಷ್ಟು ವರ್ಷದ ಮೇಲೋ.

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು, "ನನಗೆ ತುಂಬಾ ಭಯ ಆಗಿತ್ತು ರೀ" ಎಂದಳು.