ಮ್ಯಾಲಿನ ರೂಮು ಬಾಡಿಗಿಗಿ ಅದ

“ಮ್ಯಾಲಿನ ರೂಮು ನನಗೇ ಅಂದಿದ್ದಿ ಅಮ್ಮಿ! ಈಗ ಬಾಡಿಗಿ ಬೋರ್ಡ್ ಯಾಕ ಕಟ್ಟಾಕತ್ತಿ?”

ಕೈನಾತ ಮೆಟ್ಟಿಲ ಮೇಲೆ ನಿಂತು ಚೀರಿದಳು. ಅವಳ ಅಮ್ಮಿ ಜಸ್ಮೀನ ಗೇಟಿಗೆ ರಟ್ಟಿನ ಬೋರ್ಡ್ ಬಿಗಿಯುತ್ತಿದ್ದಳು.

“ಆರು ವರ್ಷ ಬ್ಲೌಜ್ ಹೊಲಿದು ಕಟ್ಟಿಸೇನಿ, ಬೇಟಿ. ಇದರ ಬಾಡಿಗಿ ಕೂಡಿಟ್ಟು ಬಾಜೂಕ ಇನ್ನೊಂದು ಕಟ್ಟಸ್ತೇನಿ. ಅದು ನಿನಗ.”

“ಸುಳ್ಳು! ಅದನ್ನೂ ಬಾಡಿಗಿಗೇ ಕೊಡ್ತಿ!”

ಹೊಸ ಗೋಡೆ ಗಟ್ಟಿಯಾಗಲೆಂದು ಇಪ್ಪತ್ತು ದಿನ ನೀರು ಹೊಡೆದವಳು ಕೈನಾತ. ಶಾಲೆಗೆ ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ. ಕೊಡ ಹೊತ್ತು ಹೊತ್ತು ಸೊಂಟ ಬಿದ್ದುಹೋಗಿತ್ತು.

ಮರುದಿನ ಒಬ್ಬ ಮಾಸ್ತರರು ರೂಮು ನೋಡಲು ಬಂದರು. ಅಮ್ಮಿ ಚಾವಿ ತರಲು ಒಳಗೆ ಹೋದಳು. ಕೈನಾತ ಮೆಲ್ಲಗೆ ಹೇಳಿದಳು, “ಸರ್, ಅಲ್ಲಿ ಚೇಳು ಬರ್ತಾವ್ರಿ.”

“ಮತ್ತ ಬರ್ತೇನಿ” ಎಂದು ಹೋದ ಮಾಸ್ತರರು ಬರಲೇ ಇಲ್ಲ. ಭಾನುವಾರ ಬಂದ ಗಂಡ ಹೆಂಡತಿಯೂ ಅದೇ ಚೇಳಿನ ಮಾತು ಕೇಳಿ ಹಾಗೇ ಹೋದರು.

ಅಮ್ಮಿ ಹೊಲಿಗೆ ಮಷೀನಿನ ಮುಂದೆ ಸುಮ್ಮನೆ ಕೂತಳು. ಕೈನಾತಳಿಗೆ ಖುಷಿಯಾಗಲಿಲ್ಲ. ಸಿಟ್ಟೂ ಇಳಿಯಲಿಲ್ಲ.

ಬುಧವಾರ ಸಂಜೆ ಕೊಳಕೂರಿನ ಗಂಗಾಬಾಯಿ ಎಂಬಾಕೆ ಬಂದಳು. ಇಲ್ಲೇ ಆಳಂದದ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿತ್ತಂತೆ. ಜೊತೆಗೆ ಮಗಳು ಬಸವೇಶ್ವರಿ, ಕೈನಾತಳಷ್ಟೇ ವಯಸ್ಸು. ಬೆನ್ನಿಗೆ ಸ್ಕೂಲ್ ಬ್ಯಾಗ್, ಕೈಯಲ್ಲಿ ಬಟ್ಟೆಯ ಗಂಟು.

ಅಮ್ಮಿ ಚಾವಿಗೆ ಹೋದದ್ದೇ ತಡ, “ಅಲ್ಲಿ ಚೇಳವ,” ಎಂದಳು ಕೈನಾತ.

“ಇರ್ಲಿ ಬಿಡವ್ವ, ಬಡದ ಹಾಕ್ತೇನಿ.” ಗಂಗಾಬಾಯಿ ಮೆಟ್ಟಿಲ ಮೇಲೆ ಕುಸಿದು ಕೂತಳು. “ಮುಂಜಾನಿಂದ ಐದು ಮನಿ ಕೇಳೇವಿ. ಮನ್ಯಾಗ ಗಂಡಸಿಲ್ಲ, ನಿಮಗ ಕೊಡಂಗಿಲ್ಲ ಅಂದ್ರು.”

“ಯಾರು ಹಂಗ ಅಂದವ್ರು?” ಕೈನಾತಳಿಗೆ ರೇಗಿಹೋಯಿತು. “ರೂಮು ಖಾಲಿ ಇಟ್ಕೊಂಡು ಮಂದಿಗಿ ಹೊಳ್ಳಿ ಕಳಸ್ತಾರೇನು? ನಾಚ್ಕಿ ಇಲ್ಲೇನು ಅವರಿಗಿ?”

ಅಂದವಳಿಗೆ ಮಾಸ್ತರರ ನೆನಪಾಯಿತು. ಕಿವಿ ಬಿಸಿಯಾದವು.

“ಚೇಳಿಲ್ರಿ,” ಎಂದಳು. “ಒಂದೂ ಇಲ್ಲ. ನಾನೇ ಸುಳ್ಳು ಹೇಳೇನಿ.”

ಚಾವಿ ಹಿಡಿದು ಬಂದ ಅಮ್ಮಿ ಬಾಗಿಲಲ್ಲೇ ನಿಂತಳು. “ಮಾಸ್ತರಿಗೂ ನೀನೇ ಹೇಳಿದ್ದೇನು?”

“ಹೌದು. ನೀನೂ ನನಗ ಒಂದು ಮಾತು ಕೇಳಲಿಲ್ಲ.”

ಇಬ್ಬರೂ ಸಿಟ್ಟಿನಲ್ಲೇ ಒಬ್ಬರನ್ನೊಬ್ಬರು ನೋಡಿದರು. ಕಡೆಗೆ ಅಮ್ಮಿ ಚಾವಿಯನ್ನು ಮಗಳ ಕೈಗಿಟ್ಟಳು.

ಕೈನಾತ ಮೇಲೆ ಹೋಗಿ ಬಾಗಿಲು ತೆಗೆದಳು. ಹಿಂದೆ ಬಂದ ಬಸವೇಶ್ವರಿ ಹೊಸ್ತಿಲ ಆಚೆಗೇ ನಿಂತಳು.

“ಒಳಗ ಬರ್ಲೇನು?”

ಕೈನಾತಳ ಸಿಟ್ಟು ಪೂರ್ತಿ ಆರಿರಲಿಲ್ಲ. ಆದರೂ ಪಕ್ಕಕ್ಕೆ ಸರಿದಳು. ಬಸವೇಶ್ವರಿಯ ಕೈಯ ಗಂಟು ಭಾರವಿತ್ತು. ಅದರ ಒಂದು ತುದಿಯನ್ನು ತಾನೂ ಹಿಡಿದಳು.