ಹುಳು ಅಂದಿಲ್ಲ, ಹುಳುಕಡ್ಡಿ ಅಂದೆ

ಮದ್ದುಗೂಡಿನ ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಬಿಳಿ ನಾಯಿ ನೊರೆ ಒಳಗೆ ಕಾಲಿಟ್ಟ ಕೂಡಲೇ ನೆಲದ ತೂಕಹಲಗೆ ಹನ್ನೊಂದು ಕಿಲೋ ಎಂದು ತೋರಿಸಿತು, ಗೋಡೆಯ ಚರ್ಮದರ್ಶಕ ಕಿವಿಯ ಹಿಂದೆ ಹಸಿರು ಬೆಳಕು ಹಾಯಿಸಿತು.

"ನಾಯಿಗೆ ಏನಾಗಿದೆ?" ಎಂದು ಗೂಡು ಕೇಳಿತು.

"ಹುಳುಕಡ್ಡಿ ಆಗೈತೆ," ಎಂದ ಬೋರಲಿಂಗಯ್ಯ.

"ಹುಳು ಕಣ್ಣಿಗೆ ಕಾಣುತ್ತಿದೆಯೆ?"

"ಕಾಣ್ದೆ ಏನು? ರೂಪಾಯಿ ಅಗಲ ಐತೆ."

"ಎಷ್ಟು ಇವೆ?"

"ಮೂರು."

"ಅರ್ಥವಾಯಿತು," ಎಂದಿತು ಗೂಡು. ಮಾಂಸದ ಉಂಡೆಯೊಳಗೆ ಅಡಗಿದ ಮಾತ್ರೆಯೊಂದು ತಟ್ಟೆಗೆ ಬಿತ್ತು. ನೊರೆ ಅದನ್ನು ಗುಳುಂ ಮಾಡಿ ಬಾಲ ಆಡಿಸಿತು. ಹುಳುಕಡ್ಡಿಯನ್ನು ಹುಳು ಅನ್ನುತ್ತದಲ್ಲ, ಯಂತ್ರದ ಕನ್ನಡ ಇಷ್ಟೇ ಎಂದು ಬೋರಲಿಂಗಯ್ಯ ನಕ್ಕು ಸುಮ್ಮನಾದ. ಆ ನಗುವನ್ನು ನೆನೆದು ಆಮೇಲೆ ಅವನು ತನ್ನನ್ನೇ ಎಷ್ಟು ಬೈದುಕೊಂಡನೋ.

ಗುಬ್ಬಿಯ ಬಸ್ ನಿಲ್ದಾಣದ ಎದುರು ನಲವತ್ತು ವರ್ಷದಿಂದ ಕ್ಷೌರದಂಗಡಿ ಇಟ್ಟವನು ಅವನು. ನಾಯಿ ಸಿಕ್ಕ ದಿನ ಮೈಯೆಲ್ಲ ಸೋಪಿನ ನೊರೆ ಮೆತ್ತಿದಷ್ಟು ಬೆಳ್ಳಗಿತ್ತೆಂದು ಆ ಹೆಸರಿಟ್ಟಿದ್ದ. ಎಷ್ಟು ತಲೆ, ಎಷ್ಟು ಗಡ್ಡ ಕಂಡ ಕೈ ಅದು! ಕೂದಲುದುರಿ, ಅಂಚು ಕೆಂಪಗಾಗಿ, ಉಂಗುರದ ಆಕಾರದಲ್ಲಿ ಹಬ್ಬುವ ಹುಳುಕಡ್ಡಿಯನ್ನು ಅವನು ಕಣ್ಣು ಮುಚ್ಚಿಕೊಂಡೂ ಗುರುತಿಸಬಲ್ಲ. ಅಂಗಡಿಯಲ್ಲೇ ಮುಲಾಮು ಇತ್ತು. ಆದರೆ ಮನುಷ್ಯರ ಮುಲಾಮನ್ನು ಪ್ರಾಣಿಗೆ ಹಚ್ಚಬಾರದು, ಅದು ನೆಕ್ಕಿಕೊಂಡರೆ ವಿಷವಾದೀತು ಎಂದು ಗೂಡಿನ ಮೇಲೆಯೇ ಬರೆದಿತ್ತು. ಅವನು ಓದಿದ, ಒಪ್ಪಿದ, ಮುಲಾಮಿನ ಡಬ್ಬಿಯನ್ನು ಮುಟ್ಟಲಿಲ್ಲ.

ಪಶುವೈದ್ಯರು ತಾಲ್ಲೂಕಿಗೊಬ್ಬರೂ ಸಿಗದಂತಾದ ಕಾಲ ಅದು. ಆ ಕೊರತೆಗೆಂದೇ ಮನೆಮನೆಗೂ ಮದ್ದುಗೂಡು ಬಂದಿತ್ತು. ತೂಕ ನೋಡಿ, ರೋಗ ಕೇಳಿ, ಅಳತೆ ತಪ್ಪದೆ ಮದ್ದು ಕೊಡುತ್ತಿತ್ತು. ಮೊದಮೊದಲು ಅದು ತನ್ನ ಕಣ್ಣಿಗೆ ಕಂಡದ್ದನ್ನಷ್ಟೇ ನಂಬುತ್ತಿತ್ತು. ನಮ್ಮ ಮಾತಿಗೆ ಬೆಲೆಯೇ ಇಲ್ಲವೆಂದು ಜನ ಗಲಾಟೆ ಮಾಡಿದ ಮೇಲೆ, ಸಾಕಿದವರ ಮಾತೇ ಮೊದಲು, ಚರ್ಮದರ್ಶಕ ಕಂಡದ್ದು ಆಮೇಲೆ ಎಂಬ ನಿಯಮ ಬಂತು. ನಿಯಮವೇನೋ ಒಳ್ಳೆಯದೇ. ಆದರೆ ಮಾತನ್ನು ಮೊದಲಿಗೆ ಇಟ್ಟವರು ಆ ಮಾತು ಕಲಿಯುವ ಗೋಜಿಗೇ ಹೋಗಲಿಲ್ಲ.

ವಾರ ಕಳೆದರೂ ಉಂಗುರಗಳು ಮಾಯಲಿಲ್ಲ. "ಹುಳುಕಡ್ಡಿ ಹಂಗೇ ಐತೆ," ಎಂದು ಬೋರಲಿಂಗಯ್ಯ ಹೇಳಿದ. ಗೂಡು ಮದ್ದು ಹೆಚ್ಚಿಸಿತು. ಇನ್ನೊಂದು ವಾರಕ್ಕೆ "ಇನ್ನೂ ಜಾಸ್ತಿ ಆಗೈತೆ," ಎಂದ. ಗೂಡು ಮತ್ತೂ ಹೆಚ್ಚಿಸಿತು. ಮಾರನೆಯ ಬೆಳಿಗ್ಗೆ ನೊರೆಯ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಎದ್ದು ನಿಲ್ಲಲು ಹೋಗಿ ಹಿಂಗಾಲು ಮಡಚಿಕೊಂಡು ಬಿತ್ತು. ಕರೆದರೆ ದನಿ ಬಂದ ಕಡೆ ತಿರುಗದೆ ಗೋಡೆಯ ಕಡೆ ನೋಡಿತು. ಬೋರಲಿಂಗಯ್ಯ ಅದನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡು, ಅರ್ಧ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು, ತುಮಕೂರಿನ ಮದ್ದುಗೂಡು ಸಂಶೋಧನಾ ಕೇಂದ್ರಕ್ಕೆ ಓಡಿದ.

ಅಲ್ಲಿನ ಮುಖ್ಯ ವಿಜ್ಞಾನಿ ಡಾ. ವೈಜಯಂತಿ ತಡಮಾಡಲಿಲ್ಲ. ನಾಯಿಗೆ ಡ್ರಿಪ್ ಹಾಕಿಸಿ, ಬೆಚ್ಚಗೆ ಹೊದಿಸಿ, ಆಮೇಲಷ್ಟೇ ಗೂಡಿನ ದಾಖಲೆ ತೆರೆದಳು.

"ಬದುಕುತ್ತೆ, ಹೆದರಬೇಡಿ. ಆದ್ರೆ ಯಜಮಾನ್ರೇ, ಯಂತ್ರ ತಪ್ಪು ಮಾಡಿಲ್ಲ. ಹೊಟ್ಟೆಹುಳ ಅಂತ ನೀವೇ ಮೂರು ಸಲ ಹೇಳಿದ್ದೀರಿ. ಅದು ಹುಳದ ಮದ್ದು ಕೊಟ್ಟಿದೆ."

ಬೋರಲಿಂಗಯ್ಯನ ಪಿತ್ತ ನೆತ್ತಿಗೇರಿತು. "ನಾನು ಹುಳು ಅಂದಿಲ್ಲ ಡಾಕ್ಟ್ರಮ್ಮ, ಹುಳುಕಡ್ಡಿ ಅಂದೆ! ಬೇಕಾದ್ರೆ ಅದರ ಬಾಯಲ್ಲೇ ಕೇಳ್ಸಿ!"

ಅವಳು ಕೇಳಿಸಿದಳು. ಅವನದೇ ದನಿ, ಸ್ಪಷ್ಟವಾಗಿ: ಹುಳುಕಡ್ಡಿ. ಕೆಳಗೆ ಯಂತ್ರ ಬರೆದುಕೊಂಡ ಅರ್ಥ: ಹುಳು, ಕಡ್ಡಿಯಂತೆ ಉದ್ದನೆಯದು.

ವೈಜಯಂತಿ ಕನ್ನಡಕ ತೆಗೆದು ಒರೆಸಿದಳು. "ಇದು ಹುಳದಿಂದ ಬರೋ ಕಾಯಿಲೆ ಅಲ್ಲ. ಶಿಲೀಂಧ್ರ, ಅಂದ್ರೆ ಬೂಷ್ಟಿನ ಜಾತಿ. ನಮ್ಮ ಪದಕೋಶದಲ್ಲಿ ಶಿಲೀಂಧ್ರ ಚರ್ಮಸೋಂಕು ಅಂತ ಇದೆ. ನೀವು ಹಾಗೆ ಹೇಳಿದ್ದಿದ್ರೆ..."

"ಶಿಲೀಂ... ಏನು? ನನ್ನ ಅಂಗಡಿಗೆ ಬಂದವರು ಒಬ್ರಾದ್ರೂ ಆ ಮಾತು ಆಡಿದ್ದು ಕೇಳಿಲ್ಲ. ನಾಯಿ ಉಳೀಬೇಕು ಅಂದ್ರೆ ನಾನು ಮೊದ್ಲು ನಿಮ್ಮ ಪರೀಕ್ಷೆ ಪಾಸ್ ಮಾಡ್ಬೇಕಾ? ನೀವು ಯಾವೂರವ್ರು?"

"ಶಿರಾ."

"ಚಿಕ್ಕಂದಿನಲ್ಲಿ ನಿಮಗೆ ಆಗಿರ್ಲಿಲ್ವಾ ಇದು?"

"ಆಗಿತ್ತು. ಮೊಣಕಾಲಿನ ಮೇಲೆ."

"ನಿಮ್ಮವ್ವ ಏನಂತಿದ್ರು ಅದಕ್ಕೆ?"

"ಹುಳುಕಡ್ಡಿ."

"ಮತ್ತೆ ಆ ಡಬ್ಬಕ್ಕೆ ಯಾಕೆ ಕಲಿಸ್ಲಿಲ್ಲ?"

"ಅದು ಮನೆಮಾತು ಅಂತ..." ಎಂದಳು ಅವಳು.

ಮನೆಮಾತಂತೆ! ನಾಯಿ ಇರುವುದು ಮನೆಯಲ್ಲಿ, ಕಾಯಿಲೆ ಬಂದದ್ದು ಮನೆಯಲ್ಲಿ, ಗೂಡು ಇಟ್ಟದ್ದೂ ಮನೆಯಲ್ಲಿ. ಬೋರಲಿಂಗಯ್ಯನಿಗೆ ಮೇಜು ಗುದ್ದಬೇಕೆನ್ನಿಸಿತು. ಪಕ್ಕದಲ್ಲಿ ನೊರೆ ನಿಟ್ಟುಸಿರುಬಿಟ್ಟದ್ದು ಕೇಳಿ ಕೈ ತಡೆದುಕೊಂಡ.

"ಈಗಾದ್ರೂ ಸರಿಯಾದ ಮದ್ದು ಕೊಡಿ."

"ಇವತ್ತೇ ಮಾತ್ರೆ ಕೊಡೋ ಹಾಗಿಲ್ಲ. ಶಿಲೀಂಧ್ರದ ಮಾತ್ರೆ ಯಕೃತ್ತಿಗೆ ಭಾರ. ಮೊದಲು ರಕ್ತ ಪರೀಕ್ಷೆ ಆಗಲಿ, ಇವನು ಚೇತರಿಸಿಕೊಳ್ಳಲಿ. ಅಲ್ಲಿವರೆಗೆ ಮೇಲೆ ಹಚ್ಚೋ ಪ್ರಾಣಿಗಳ ಮದ್ದು, ನೆಕ್ಕದ ಹಾಗೆ ಕೊರಳಿಗೆ ಪಟ್ಟಿ. ಮಲಗೋ ಬಟ್ಟೆ ಬಿಸಿನೀರಲ್ಲಿ ಒಗೀರಿ. ಮುಟ್ಟಿದ ಮೇಲೆ ಕೈ ತೊಳೀರಿ, ನಿಮಗೂ ಅಂಟುತ್ತೆ. ಆಮೇಲೆ ಮಾತ್ರೆ ಶುರುವಾದ್ರೆ ಊಟದ ಜೊತೆಗೇ ಕೊಡಬೇಕು. ಕೂದಲು ಬಂತು ಅಂತ ಮಧ್ಯದಲ್ಲಿ ನಿಲ್ಲಿಸಬಾರದು. ನಾವು ಮತ್ತೆ ಪರೀಕ್ಷೆ ಮಾಡಿ ಹೇಳೋವರೆಗೂ ಕೊಡಬೇಕು."

"ಇಷ್ಟನ್ನ ಮನುಷ್ಯರು ಬಾಯಿಬಿಟ್ಟು ಹೇಳಿದ್ರೆ ಸಾಕಾಗಿತ್ತು," ಎಂದ ಅವನು. "ಇರ್ಲಿ. ಈ ಮಾತು ನಾನೊಬ್ನೇ ಆಡಿರ್ತೀನಾ? ಬೇರೆಯವರ ಪ್ರಾಣಿಗಳ ಕಥೆ ಏನು?"

ಈ ಪ್ರಶ್ನೆ ವೈಜಯಂತಿಗೆ ಹೊಳೆದಿರಲಿಲ್ಲ. ಅವಳು ತಟ್ಟನೆ ಯಂತ್ರದ ಕಡೆ ತಿರುಗಿ, ಆ ಪದ ಕೇಳಿದ ಕಡೆಯೆಲ್ಲ ಮದ್ದು ನಿಲ್ಲಿಸುವಂತೆ ಆಜ್ಞೆ ಕೊಟ್ಟಳು. ಆಮೇಲೆ ಆ ಪದವನ್ನು ಹುಡುಕಿಸಿದಳು. ಪರದೆಯ ಮೇಲೆ ಊರೂರಿನ ಮನೆಗಳ ಹೆಸರು ಉರುಳತೊಡಗಿದವು: ಗುಬ್ಬಿ, ಕುಣಿಗಲ್, ತುರುವೇಕೆರೆ, ಮಧುಗಿರಿ. ಕೊನೆಗೆ ಶಿರಾ ಬಂತು. ಅಲ್ಲಿ ಅವಳ ಬೆರಳು ನಿಂತಿತು.

"ಏನಾಯ್ತು?" ಎಂದ ಬೋರಲಿಂಗಯ್ಯ.

"ನಮ್ಮಮ್ಮನ ಮನೆ," ಎಂದಳು ಅವಳು. "ಹೋದ ತಿಂಗಳು ಅಮ್ಮನ ಬೆಕ್ಕು ಸತ್ತುಹೋಯ್ತು. ವಯಸ್ಸಾಗಿತ್ತು ಬಿಡಮ್ಮ ಅಂತ ನಾನೇ ಸಮಾಧಾನ ಮಾಡಿದ್ದೆ."

ಬೋರಲಿಂಗಯ್ಯನ ನಾಲಿಗೆಯ ತುದಿಯಲ್ಲಿ ಇನ್ನೂ ಬೇಕಾದಷ್ಟು ಬೈಗುಳವಿತ್ತು. ಅದನ್ನೆಲ್ಲ ನುಂಗಿಕೊಂಡ. "ಬೆಕ್ಕಿನ ಹೆಸರೇನು?"

"ಕುಸುಮಿ."

ಅವಳು ಫೋನ್ ಹಚ್ಚಿದಳು. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು.

"ಅಮ್ಮಾ, ಕುಸುಮಿಗೆ ಹುಷಾರಿಲ್ದಾಗ ಆ ಗೂಡಿಗೆ ಏನಂತ ಹೇಳಿದ್ದೆ?"

ಆ ಕಡೆಯಿಂದ ಅಳುಕುತ್ತಾ ಮುದಿದನಿಯೊಂದು ಬಂತು. "ಹುಳುಕಡ್ಡಿ ಅಂದಿದ್ದೆ ಕಣೇ. ಯಾಕೆ ವೈಜೂ? ನಾನೇನಾದ್ರೂ ತಪ್ಪಾಗಿ ಹೇಳ್ಬಿಟ್ನಾ?"

ವೈಜಯಂತಿ ಉತ್ತರಿಸುವ ಮೊದಲೇ ಬೋರಲಿಂಗಯ್ಯ ಫೋನಿನ ಮೇಲೆ ಬಗ್ಗಿ, ನಡುಮನೆಯಿಂದ ಹಿತ್ತಿಲಿಗೆ ಕೂಗುವಷ್ಟು ಗಟ್ಟಿಯಾಗಿ ಹೇಳಿದ:

"ಇಲ್ಲ ಕಣವ್ವಾ! ನೀವು ಸರಿಯಾಗೇ ಹೇಳಿದ್ದೀರಿ!"